ಗೆಲುವು ಏಕೆ ಇಷ್ಟು ಕಷ್ಟ? ಆಡುವ ಮಕ್ಕಳು ಮತ್ತು ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಪಕ್ಕದ ಡೊಂಬಿವಲಿ ಮತ್ತು ಠಾಣೆ ಭಾಗದಲ್ಲಿ ಮಕ್ಕಳಿಗೆ ಓಟ ಕಲಿಸುತ್ತೇನೆ. ಬರುವವರಲ್ಲಿ ಬಹಳ ಮಂದಿ ಕನ್ನಡದ ಮನೆಗಳವರು. ಹೋಟೆಲು ನಡೆಸುವ ಕುಂದಾಪುರ, ಕಾರ್ಕಳದ ಕಡೆಯವರಿದ್ದಾರೆ, ಬ್ಯಾಂಕಿನಲ್ಲಿರುವ ಧಾರವಾಡದವರಿದ್ದಾರೆ, ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದ ಕಲಬುರಗಿ, ವಿಜಯಪುರದವರಿದ್ದಾರೆ. ಅಭ್ಯಾಸ ಮುಗಿದ ಮೇಲೆ ಗೇಟಿನ ಬಳಿ ಕೇಳಿದ್ದು, ಮಾಟುಂಗ ಮತ್ತು ಮಾಹಿಮ್‌ನ ಕನ್ನಡ ಸಂಘಗಳಲ್ಲಿ ಮಾತನಾಡಿದಾಗ ಎದ್ದು ನಿಂತು ಕೇಳಿದ್ದು, ಪುಣೆ ಮತ್ತು ವಾಸ್ಕೋದಿಂದ ಪತ್ರದಲ್ಲಿ ಬಂದದ್ದು, ಎಲ್ಲವನ್ನೂ ಇಲ್ಲಿ ಒಟ್ಟುಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಕೆಲವು ಪ್ರಶ್ನೆಗಳು ಮಕ್ಕಳವು. ಅವರಿಗೆ ಕೊಟ್ಟ ಉತ್ತರವನ್ನು ಹೆತ್ತವರೂ ಓದಲಿ.

## ಮೈದಾನಕ್ಕೆ ಹೊಸಬರು

ಮಗಳಿಗೆ ಈಗಷ್ಟೇ ಆಸೆ ಹುಟ್ಟಿದೆ. ಕಷ್ಟ, ಕಷ್ಟ ಎಂದು ಹೇಳಿದರೆ ಉತ್ಸಾಹ ಕುಗ್ಗುವುದಿಲ್ಲವೇ?

ಹೇಳದಿದ್ದರೆ ಕುಗ್ಗುತ್ತದೆ. ಇದು ನನ್ನ ದೃಢವಾದ ಅಭಿಪ್ರಾಯ. ಮೊದಲ ದಿನದಿಂದ "ನೀನು ಮುಂದಿನ ಪಿ.ಟಿ. ಉಷಾ" ಎಂದು ಕೇಳಿಸಿಕೊಂಡ ಹುಡುಗಿ ಹೀಟ್ಸ್ ಎಂಬ ಮೊದಲ ಸುತ್ತಿನ ಓಟದಲ್ಲೇ ಹೊರಬಿದ್ದಾಗ ಸ್ಪರ್ಧೆ ಕಠಿಣವಾಗಿತ್ತು ಎಂದುಕೊಳ್ಳುವುದಿಲ್ಲ, ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತಾಳೆ. ಕಷ್ಟವೆನ್ನುವುದು ಆಟದ ಸ್ವಭಾವ, ಮಗುವಿನ ದೋಷವಲ್ಲ. ಆ ವ್ಯತ್ಯಾಸ ಅವಳಿಗೆ ಸೋಲಿಗೆ ಮುಂಚೆಯೇ ತಿಳಿದಿರಬೇಕು. ಸೋತ ಮೇಲೆ ಹೇಳಿದರೆ ಅದು ಸಮಾಧಾನದ ಮಾತಾಗಿ ಕೇಳಿಸುತ್ತದೆ, ಮಕ್ಕಳು ಅದನ್ನು ನಂಬುವುದಿಲ್ಲ.

ಹೇಳುವ ಬಗೆ ಮುಖ್ಯ. "ನಿನ್ನಿಂದಾಗುತ್ತದೋ ಇಲ್ಲವೋ ನೋಡೋಣ" ಎನ್ನುವುದು ಹೆದರಿಸುವ ಮಾತು. "ಇದು ಎಲ್ಲರಿಗೂ ಕಷ್ಟ, ಗೆದ್ದವರಿಗೂ ಕಷ್ಟವಾಗಿತ್ತು, ಮಾಡಿ ನೋಡಬೇಕೆಂದು ನಿನಗೆ ಅನಿಸುತ್ತಿದೆಯೇ?" ಎನ್ನುವುದು ಮಗುವನ್ನು ನಂಬಿ ಕೇಳುವ ಮಾತು. ಎಂಟು ವರ್ಷದ ಮಕ್ಕಳು ಕೂಡ ಇದಕ್ಕೆ ಯೋಚಿಸಿ ಉತ್ತರ ಕೊಡುತ್ತಾರೆ.

ಒಂಬತ್ತು ವರ್ಷದವನಿಗೆ ಇದನ್ನು ಹೇಗೆ ವಿವರಿಸಲಿ? ಉಪದೇಶ ಮಾಡಿದರೆ ಕೇಳುವುದಿಲ್ಲ.

ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಬ್ಯಾಡ್ಮಿಂಟನ್ ಅಥವಾ ಕೇರಂ ಟೂರ್ನಿಯ ನಾಕೌಟ್ ಡ್ರಾ ಬರೆಯಲು ಹೇಳಿ. 64 ಹೆಸರುಗಳು. ಮೊದಲ ಸುತ್ತು ಮುಗಿದಾಗ 32 ಮಂದಿ ಮನೆಗೆ ಹೋಗಿರುತ್ತಾರೆ, ಎರಡನೆಯ ಸುತ್ತಿಗೆ ಇನ್ನೂ 16. ಆರು ಸುತ್ತು ಸತತವಾಗಿ ಗೆದ್ದವರು ಒಬ್ಬರು. ಉಳಿದ 63 ಮಂದಿಯೂ ತಮ್ಮ ಕೊನೆಯ ಪಂದ್ಯ ಸೋತೇ ಹೊರಡುತ್ತಾರೆ, ಫೈನಲ್ ಆಡಿದವರೂ ಸೇರಿ. ಈ ಲೆಕ್ಕವನ್ನು ಮಗು ತಾನೇ ಮಾಡಬೇಕು, ನೀವು ಮಾಡಿ ತೋರಿಸಬೇಡಿ. "ಹಾಗಾದರೆ ಎಲ್ಲರೂ ಸೋಲುತ್ತಾರಾ?" ಎಂದು ಅವನೇ ಕೇಳುತ್ತಾನೆ. ಆಗ ಬೇಕಾದ ಮಾತು ಮುಂದುವರಿಯುತ್ತದೆ.

ಆ ಮಾತಿಗೆ ಜೊತೆಯಾಗಲು ನಮ್ಮವರದ್ದೇ ಒಂದು ಉದಾಹರಣೆಯಿದೆ. ಪ್ರಕಾಶ್ ಪಡುಕೋಣೆ 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಿಯಲ್ಲಿ ಮೊದಲ ಬಾರಿ ಆಡಿ ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷದ ನಂತರ ಅದೇ ಪ್ರಶಸ್ತಿ ಗೆದ್ದರು. ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದದ್ದು 1980ರಲ್ಲಿ. ಅವರು ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ, ಮದುವೆಯಿಲ್ಲದ ದಿನಗಳಲ್ಲಿ ಅದೇ ಅಂಕಣ. ಮಕ್ಕಳಿಗೆ 1980 ಎಲ್ಲರೂ ಹೇಳುತ್ತಾರೆ. 1962ನ್ನೂ ಹೇಳಿ.

ಶಾಲೆಯಲ್ಲಿ ಪ್ರತಿ ವರ್ಷ ಇವನೇ ಮೊದಲು. ಜಿಲ್ಲಾ ಮಟ್ಟಕ್ಕೆ ಹೋದರೆ ಎಂಟನೆಯವನಾದ. ಎಲ್ಲಿ ತಪ್ಪಿತು?

ಎಲ್ಲಿಯೂ ತಪ್ಪಿಲ್ಲ. ಅಂಕಣ ದೊಡ್ಡದಾಯಿತು, ಅಷ್ಟೇ. ಶಾಲೆಯ ಕ್ರೀಡಾದಿನದಲ್ಲಿ ಅವನ ಎದುರಿಗೆ ಇದ್ದವರು ಓಟವನ್ನು ಅಭ್ಯಾಸ ಮಾಡಿದವರಲ್ಲ, ಆ ದಿನ ಓಡಿದವರು. ಜಿಲ್ಲಾ ಕೂಟದ ಹೀಟ್ಸ್‌ನಲ್ಲಿ ನಿಲ್ಲುವ ಪ್ರತಿಯೊಬ್ಬನೂ ಅವನವನ ಶಾಲೆಯಲ್ಲಿ ಮೊದಲಿಗ. ಅದರ ಮೇಲೆ ವಿಭಾಗ, ಅದರ ಮೇಲೆ 36 ಜಿಲ್ಲೆಗಳ ಮಹಾರಾಷ್ಟ್ರ, ಆಮೇಲೆ ರಾಷ್ಟ್ರಮಟ್ಟ. ಒಂದೊಂದು ಮೆಟ್ಟಿಲಿನಲ್ಲೂ ಕೆಳಗಿನ ಮೆಟ್ಟಿಲಿನ ವಿಜೇತರು ಮಾತ್ರ ಉಳಿದಿರುತ್ತಾರೆ.

ಕೇಳಬೇಕಾದ ಪ್ರಶ್ನೆ ಬೇರೆ: ಶಾಲೆಯಲ್ಲಿ ಓಡಿದ್ದಕ್ಕಿಂತ ಜಿಲ್ಲೆಯಲ್ಲಿ ಅವನ ಸಮಯ ಉತ್ತಮವಾಗಿತ್ತೇ? ಎಷ್ಟೋ ಬಾರಿ ಮಗು ತನ್ನ ಜೀವನದ ಅತ್ಯುತ್ತಮ ಸಮಯ ಓಡಿ ಎಂಟನೆಯವನಾಗಿರುತ್ತಾನೆ, ಮನೆಯಲ್ಲಿ ಮಾತ್ರ ಶೋಕ. ಒಂದು ನೋಟ್‌ಬುಕ್ ಇಡಿ. ಅದರಲ್ಲಿ ದಿನಾಂಕ, ದೂರ, ಸಮಯ, ಗಾಳಿ ಅಥವಾ ಮಳೆ ಇವಿಷ್ಟೇ ಇರಲಿ. ಸ್ಥಾನ ಬೇಡ.

ಒಳ್ಳೆಯ ಮಟ್ಟಕ್ಕೆ ಬರಲು ಒಟ್ಟು ಎಷ್ಟು ವರ್ಷ ಬೇಕು, ಸರ್?

ಇಂತಿಷ್ಟೇ ಎನ್ನುವ ಲೆಕ್ಕವಿಲ್ಲ. ಆದರೆ ಒಬ್ಬರ ದಾರಿಯನ್ನು ನೋಡಬಹುದು. ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯವರು. 2009ರಲ್ಲಿ ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿ ಎಂಬ ತರಬೇತಿ ಯೋಜನೆಗೆ ಸೇರಿದರು, ಶೂಟಿಂಗ್ ಆರಿಸಿಕೊಂಡರು. 2015ರಲ್ಲಿ ಮಧ್ಯ ರೈಲ್ವೆಯ ಪುಣೆ ವಿಭಾಗದಲ್ಲಿ ಟಿಕೆಟ್ ಪರೀಕ್ಷಕರ ಕೆಲಸಕ್ಕೆ ಸೇರಿದರು. ಟೋಕಿಯೊ ಒಲಿಂಪಿಕ್ಸ್‌ಗೆ ಹೋಗಲಾಗಲಿಲ್ಲ. 2022ರ ಕೈರೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೆಯವರು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ವೈಯಕ್ತಿಕ ಸ್ಪರ್ಧೆಯಲ್ಲಿ ಮುಂದಿದ್ದು ಮತ್ತೆ ನಾಲ್ಕನೆಯವರು. 2024ರ ಆಗಸ್ಟ್ 1ರಂದು ಪ್ಯಾರಿಸ್‌ನಲ್ಲಿ, ತಮ್ಮ ಮೊದಲ ಒಲಿಂಪಿಕ್ಸ್‌ನಲ್ಲಿ, 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ ಕಂಚು. ಆಗ ಅವರಿಗೆ 29 ತುಂಬಲು ಕೆಲವೇ ದಿನ ಬಾಕಿ.

ಇದು ಗೆದ್ದವರ ಕಥೆ ಎಂಬುದನ್ನೂ ಮರೆಯಬಾರದು. ಇಷ್ಟೇ ವರ್ಷ ಇಷ್ಟೇ ನಿಷ್ಠೆಯಿಂದ ಗುರಿಯಿಟ್ಟು ಒಲಿಂಪಿಕ್ಸ್‌ಗೆ ಹೋಗದವರೂ ಇದ್ದಾರೆ. ದುಡಿಮೆ ಬಾಗಿಲವರೆಗೆ ಕರೆದೊಯ್ಯುತ್ತದೆ, ಬಾಗಿಲು ತೆರೆಯುವ ಭರವಸೆ ಕೊಡುವುದಿಲ್ಲ. ಹದಿಮೂರು ದಾಟಿದ ಮಕ್ಕಳಿಗೆ ಇದನ್ನು ನಾನು ಮುಚ್ಚಿಡದೆ ಹೇಳುತ್ತೇನೆ.

## ಸೋಲು, ಹೋಲಿಕೆ, ಕಾಯುವಿಕೆ

ಸೋತು ಬಂದ ದಿನ ದಾರಿಯಲ್ಲಿ ಏನು ಮಾತನಾಡಬೇಕು?

ಮರೀನ್ ಲೈನ್ಸ್‌ನ ವಿಶ್ವವಿದ್ಯಾಲಯದ ಟ್ರ್ಯಾಕಿನಿಂದ ಡೊಂಬಿವಲಿಗೆ ವಾಪಸಾಗುವ ಪ್ರಯಾಣ ಉದ್ದವಾದದ್ದು. ಆ ಲೋಕಲ್ ರೈಲಿನಲ್ಲಿ ಹೆತ್ತವರು ಮಾಡುವ ವಿಶ್ಲೇಷಣೆಯನ್ನು ಅಕ್ಕಪಕ್ಕ ಕುಳಿತು ಕೇಳಿದ್ದೇನೆ: "ಸ್ಟಾರ್ಟ್ ತಡವಾಯಿತು", "ಕೊನೆಯಲ್ಲಿ ತಿರುಗಿ ನೋಡಿದೆ", "ನಾನು ಎಷ್ಟು ಸಲ ಹೇಳಿದ್ದೆ". ಮಗು ಕಿಟಕಿಯ ಕಡೆ ತಿರುಗಿ ಕುಳಿತಿರುತ್ತದೆ. ಅದಕ್ಕೆ ಇದೆಲ್ಲ ಗೊತ್ತು. ಓಡಿದ್ದು ಅದೇ ತಾನೆ.

ಮೊದಲು ಹೊಟ್ಟೆಗೆ ಏನಾದರೂ ಕೊಡಿ. ನೀರು ಕೊಡಿ. "ನೀನು ಓಡುವುದನ್ನು ನೋಡುವುದು ನನಗೆ ಇಷ್ಟ" ಎಂಬ ಒಂದು ಮಾತು ಹೇಳಿ, ನಿಜವಾಗಿದ್ದರೆ. ಮಗು ಅಳುತ್ತಿದ್ದರೆ ಅಳಲಿ. "ಹೋಗಲಿ ಬಿಡು, ಇದೇನು ದೊಡ್ಡದಲ್ಲ" ಎನ್ನಬೇಡಿ. ಅವನಿಗೆ ಅದು ದೊಡ್ಡದೇ, ಆರು ತಿಂಗಳಿಂದ ಅದಕ್ಕಾಗಿಯೇ ಕತ್ತಲಲ್ಲಿ ಎದ್ದಿದ್ದಾನೆ. ಸ್ಪರ್ಧೆಯ ವಿಚಾರ ಅವನಾಗಿಯೇ ಎತ್ತಿದರೆ ಕೇಳಿಸಿಕೊಳ್ಳಿ. ತಾಂತ್ರಿಕ ವಿಮರ್ಶೆ ತರಬೇತುದಾರರ ಕೆಲಸ. ನಾನು ಅದನ್ನು ಮರುದಿನಕ್ಕೂ ಅಲ್ಲ, ಅದರ ಮರುದಿನಕ್ಕೆ ಇಟ್ಟುಕೊಳ್ಳುತ್ತೇನೆ.

ಗೆದ್ದು ಬಂದ ದಿನ ತಿನ್ನಿಸುವ ಐಸ್‌ಕ್ರೀಮನ್ನು ಸೋತ ದಿನವೂ ತಿನ್ನಿಸಿ. ಗೆದ್ದಾಗ ಮಾತ್ರ ಹಬ್ಬ ಮಾಡುವ ಮನೆಯಲ್ಲಿ ಪ್ರೀತಿಗೂ ಅರ್ಹತಾ ಸುತ್ತು ಇದೆ ಎಂದು ಮಕ್ಕಳು ಬೇಗ ಕಲಿಯುತ್ತಾರೆ.

ಸರ್, ಅವನು ನನಗಿಂತ ಕಡಿಮೆ ಅಭ್ಯಾಸ ಮಾಡುತ್ತಾನೆ. ಆದರೂ ನನ್ನನ್ನು ಸೋಲಿಸುತ್ತಾನೆ. ಇದು ನ್ಯಾಯವೇ?

ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. ನ್ಯಾಯವಲ್ಲ ಎಂದು ನಿನಗೆ ಅನಿಸುವುದೂ ಸಹಜ.

ಮೊದಲನೆಯದಾಗಿ, ಹದಿಮೂರು ವರ್ಷದ ಇಬ್ಬರು ಹುಡುಗರ ದೇಹಗಳಿಗೆ ಒಂದೇ ವಯಸ್ಸು ಇರುವುದಿಲ್ಲ. ಹುಡುಗಿಯರು ಸಾಮಾನ್ಯವಾಗಿ ಹನ್ನೊಂದು ಹನ್ನೆರಡರ ಸುಮಾರಿಗೆ, ಹುಡುಗರು ಹದಿಮೂರು ಹದಿನಾಲ್ಕರ ಸುಮಾರಿಗೆ ವೇಗವಾಗಿ ಎತ್ತರವಾಗುತ್ತಾರೆ. ಕೆಲವರಿಗೆ ಅದು ಎರಡು ವರ್ಷ ಮೊದಲೇ ಬರುತ್ತದೆ, ಕೆಲವರಿಗೆ ಎರಡು ವರ್ಷ ತಡವಾಗಿ. ನಿನ್ನ ಪಕ್ಕದ ಲೇನಿನವನಿಗೆ ಮೀಸೆ ಚಿಗುರಿದ್ದರೆ ಅವನ ಕಾಲಿನ ಶಕ್ತಿಯಲ್ಲಿ ಬಹುಭಾಗ ಬೆಳವಣಿಗೆಯದ್ದು. ಬೇರೆ ಬೇರೆ ಹೊತ್ತಿಗೆ ಹೊರಟ ಎರಡು ರೈಲುಗಳನ್ನು ಕುರ್ಲಾ ನಿಲ್ದಾಣದಲ್ಲಿ ನಿಂತು ನೋಡಿ ಯಾವುದು ವೇಗದ್ದು ಎಂದು ಹೇಳಲಾಗದು.

ಎರಡನೆಯದು ಹುಟ್ಟಿದ ತಿಂಗಳು. ಜನವರಿ 1ನ್ನು ಗಡಿಯಾಗಿಟ್ಟ ವಿಭಾಗದಲ್ಲಿ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನಲ್ಲಿ ಹುಟ್ಟಿದವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಫುಟ್‌ಬಾಲ್, ಐಸ್ ಹಾಕಿಯಂತಹ ಆಟಗಳಲ್ಲಿ ಕಿರಿಯರ ತಂಡಗಳಿಗೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಹೆಚ್ಚಾಗಿ ಆಯ್ಕೆಯಾಗುತ್ತಾರೆ ಎಂಬುದನ್ನು ಹಲವು ದೇಶಗಳ ಸಂಶೋಧಕರು ಗುರುತಿಸಿದ್ದಾರೆ.

ಮೂರನೆಯದನ್ನು ಹೇಳಲು ಕಷ್ಟ, ಆದರೂ ಹೇಳಬೇಕು. ಕೆಲವರಿಗೆ ಹುಟ್ಟಿನಿಂದಲೇ ಹೆಚ್ಚು ಸಿಕ್ಕಿರುತ್ತದೆ. ಅದೇ ಅಭ್ಯಾಸಕ್ಕೆ ಅವರ ದೇಹ ಹೆಚ್ಚು ಸ್ಪಂದಿಸುತ್ತದೆ. ಅದು ಅವನ ತಪ್ಪಲ್ಲ, ನಿನ್ನದೂ ಅಲ್ಲ. ಅವನು ಎಷ್ಟು ಓಡುತ್ತಾನೆ ಎಂಬುದು ನಿನ್ನ ಕೈಯಲ್ಲಿಲ್ಲ. ನಿನ್ನ ನೋಟ್‌ಬುಕ್ ನಿನ್ನ ಕೈಯಲ್ಲಿದೆ.

ಹನ್ನೆರಡರಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿದ್ದಳು. ಹದಿನಾಲ್ಕಾಯಿತು, ಸಮಯ ಇಳಿಯುತ್ತಲೇ ಇಲ್ಲ. ಮೊಬೈಲ್ ಹುಚ್ಚಿನಿಂದ ಹೀಗಾಯಿತೇ?

ಮೊಬೈಲನ್ನು ದೂರುವ ಮೊದಲು ಅವಳ ದೇಹದಲ್ಲಿ ಏನು ನಡೆಯುತ್ತಿದೆ ಎಂದು ನೋಡಿ. ಋತುಮತಿಯಾಗುವ ಆಸುಪಾಸಿನ ವರ್ಷಗಳಲ್ಲಿ ಸೊಂಟ ಅಗಲವಾಗುತ್ತದೆ, ತೂಕ ಹೆಚ್ಚುತ್ತದೆ, ದೇಹದಲ್ಲಿ ಕೊಬ್ಬಿನ ಪಾಲು ಏರುತ್ತದೆ. ಓಟದ ಹೆಜ್ಜೆಯೇ ಬದಲಾಗುತ್ತದೆ. ಸಮಯ ಒಂದೆರಡು ವರ್ಷ ನಿಂತಲ್ಲೇ ನಿಲ್ಲುವುದು, ಕೆಲವೊಮ್ಮೆ ಹಿಂದಕ್ಕೆ ಹೋಗುವುದು ಸಾಮಾನ್ಯ. ಇದನ್ನು ಯಾರೂ ಹೇಳದ ಕಾರಣ ಹುಡುಗಿಯರು ತಾವು ಸೋಮಾರಿಗಳಾದೆವೆಂದು ತಿಳಿದು ಇದೇ ವಯಸ್ಸಿನಲ್ಲಿ ಮೈದಾನ ಬಿಡುತ್ತಾರೆ. ನನಗೆ ಅತ್ಯಂತ ದುಃಖ ಕೊಡುವ ಸಂಗತಿ ಇದು. ತಡೆಯಬಹುದಾದ ನಷ್ಟ.

ಮಾಡಬಾರದ್ದು ಒಂದಿದೆ. ತೂಕ ಇಳಿಸಲು ಊಟ ಕಡಿಮೆ ಮಾಡಿಸಬೇಡಿ. ಬೆಳೆಯುವ ಹುಡುಗಿಗೆ ಅನ್ನ, ರೊಟ್ಟಿ, ಬೇಳೆ, ಮೊಟ್ಟೆ ಅಥವಾ ಮೀನು, ಹಾಲು ಮೊದಲಿಗಿಂತ ಹೆಚ್ಚೇ ಬೇಕು. ಆಯಾಸ ಹೋಗದಿದ್ದರೆ ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶ ಪರೀಕ್ಷೆ ಮಾಡಿಸಿ. ಶುರುವಾಗಿದ್ದ ಮುಟ್ಟು ಮೂರು ತಿಂಗಳು ನಿಂತರೆ ಅದನ್ನು "ಓಡುವವರಿಗೆ ಹಾಗೆಯೇ" ಎಂದು ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ತರಬೇತುದಾರರು ಗಂಡಸರಾದರೆ ಈ ಮಾತು ಆಡಲು ಅಮ್ಮನೋ, ಹಿರಿಯ ಓಟಗಾರ್ತಿಯೋ ಜೊತೆಗಿರಲಿ. ನಮ್ಮಲ್ಲಿ ಹಾಗೆಯೇ ಮಾಡುತ್ತೇವೆ.

ತಂಡದಲ್ಲಿ ಹೆಸರಿದೆ, ಆದರೆ ಆಡಿಸುವುದೇ ಇಲ್ಲ. ಹೀಗೆ ಬೆಂಚಿನಲ್ಲಿ ಕುಳಿತು ಏನು ಪ್ರಯೋಜನ?

ಕ್ರಿಕೆಟ್, ಫುಟ್‌ಬಾಲ್ ಮಕ್ಕಳ ಮನೆಗಳಿಂದ ಬರುವ ಪ್ರಶ್ನೆ ಇದು. ಮುಂಬೈಯಲ್ಲಿ ಇದಕ್ಕೆ ಉತ್ತರ ಹೇಳುವಾಗ ಆಜಾದ್ ಮೈದಾನದ ನೆನಪಾಗದೆ ಇರದು. 1988ರ ಫೆಬ್ರವರಿ, ಶಾಲಾ ಕ್ರಿಕೆಟ್ಟಿನ ಹ್ಯಾರಿಸ್ ಶೀಲ್ಡ್ ಸೆಮಿಫೈನಲ್. ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಮುರಿಯದ 664 ರನ್ ಜೊತೆಯಾಟ ಆಡುತ್ತಿದ್ದಾಗ ಪ್ಯಾಡ್ ಕಟ್ಟಿಕೊಂಡು ಮುಂದಿನ ಸರದಿಗೆ ಕಾಯುತ್ತಿದ್ದ ಹುಡುಗ ಅಮೋಲ್ ಮಜುಮ್ದಾರ್. ಸರದಿ ಬರಲೇ ಇಲ್ಲ. 1993–94ರಲ್ಲಿ ರಣಜಿಗೆ ಪದಾರ್ಪಣೆ ಮಾಡಿ ಹರಿಯಾಣ ವಿರುದ್ಧ 260 ಹೊಡೆದರು. ಪ್ರಥಮ ದರ್ಜೆಯಲ್ಲಿ 11,167 ರನ್ ಮಾಡಿದರು, ಮುಂಬೈ ನಾಯಕರಾಗಿ 2006–07ರಲ್ಲಿ ರಣಜಿ ಗೆದ್ದರು. ಭಾರತ ತಂಡದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆ ಕಾಲದ ಭಾರತದ ಮಧ್ಯಮ ಕ್ರಮಾಂಕದಲ್ಲಿ ಯಾರಿದ್ದರು ಎಂದು ಎಣಿಸಿದರೆ ಕಾರಣ ತಿಳಿಯುತ್ತದೆ. 2025ರ ನವೆಂಬರ್ 2ರಂದು ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ವಿಶ್ವಕಪ್ ಗೆದ್ದಾಗ ಅವರ ಮುಖ್ಯ ತರಬೇತುದಾರರು ಅದೇ ಮಜುಮ್ದಾರ್. ಕೊನೆಗೆ ಎಲ್ಲವೂ ಸರಿಹೋಗುತ್ತದೆ ಎಂದು ಹೇಳಲು ಈ ಕಥೆ ತರುತ್ತಿಲ್ಲ. ಆಡಬೇಕೆಂಬ ಆಸೆ ಈಡೇರಲಿಲ್ಲ, ಅದು ಹಾಗೆಯೇ ಉಳಿಯಿತು. ಆಟ ಮಾತ್ರ ಅವರನ್ನು ಬಿಡಲಿಲ್ಲ, ಅವರೂ ಆಟವನ್ನು ಬಿಡಲಿಲ್ಲ.

ಇನ್ನೂ ಹಳೆಯದು, ನಮ್ಮ ಊರಿನದು. ಮೂಲ್ಕಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದ ಬುಧಿ ಕುಂದರನ್ ರಣಜಿ ಆಡುವ ಮೊದಲೇ 1960ರಲ್ಲಿ ಟೆಸ್ಟ್ ಆಡಿದರು. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದರು. ಆದರೂ ಆಡಿದ್ದು ಒಟ್ಟು 18 ಟೆಸ್ಟ್. ಇದ್ದದ್ದು ಒಂದೇ ವಿಕೆಟ್‌ಕೀಪರ್ ಜಾಗ, ಅದೇ ನಗರದಲ್ಲಿ ಫಾರೂಕ್ ಇಂಜಿನಿಯರ್ ಕೂಡ ಇದ್ದರು. ಮೂಲ್ಕಿ, ಪಡುಬಿದ್ರಿ ಕಡೆಯ ಮನೆಗಳ ಮಕ್ಕಳಿಗೆ ಈ ಹೆಸರು ಗೊತ್ತಿರುವುದಿಲ್ಲ. ಗೊತ್ತಿರಬೇಕು.

ನಿಮ್ಮ ಮಗನ ವಿಷಯಕ್ಕೆ ಬಂದರೆ, ಹತ್ತು ಹನ್ನೆರಡರ ವಯಸ್ಸಿನ ಮಕ್ಕಳನ್ನು ಇಡೀ ಋತು ಬೆಂಚಿನಲ್ಲಿ ಕೂರಿಸುವುದು ತರಬೇತುದಾರರ ತಪ್ಪು ಎಂದೇ ನನ್ನ ನಿಲುವು. ಆ ವಯಸ್ಸು ಆಡಿ ಕಲಿಯುವ ವಯಸ್ಸು. ಬೇರೆ ಚಿಕ್ಕ ಕ್ಲಬ್ಬಿಗೆ ಹಾಕಿ, ಅವನು ಆಡಲಿ. ಹದಿನಾರು ದಾಟಿದವನಾದರೆ ಅವನೇ ಹೋಗಿ ಕೇಳಲಿ: "ನಾನು ಆಡುವ ಹನ್ನೊಂದರಲ್ಲಿ ಬರಲು ಏನು ಕಲಿಯಬೇಕು?" ಆ ಪ್ರಶ್ನೆಯನ್ನು ಅಪ್ಪ ಕೇಳಬಾರದು.

ನಾಲ್ಕನೇ ಸ್ಥಾನಕ್ಕೆ ಪದಕವೂ ಇಲ್ಲ, ಹೆಸರೂ ಇಲ್ಲ. ಅದಕ್ಕೆ ಏನು ಬೆಲೆ?

1960ರ ರೋಮ್ ಒಲಿಂಪಿಕ್ಸ್ ಓಟದಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರು. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಿಂದ ನಾಲ್ಕನೆಯವರು. ಪ್ಯಾರಿಸ್‌ನಲ್ಲಿ ಭಾರತಕ್ಕೆ ಆರು ಪದಕ ಬಂದವು, ನಾಲ್ಕನೇ ಸ್ಥಾನಗಳೂ ಆರು. ಮಿಲ್ಖಾ ಮತ್ತು ಉಷಾ ಅವರ ಹೆಸರು ನಮಗೆಲ್ಲ ಬಾಯಿಪಾಠ. ಆ ಎರಡು ಓಟಗಳಲ್ಲಿ ಕಂಚು ಗೆದ್ದವರ ಹೆಸರನ್ನು ನಮ್ಮ ಮೈದಾನದಲ್ಲಿ ಯಾರೂ ಹೇಳಲಾರರು.

## ಮನೆ, ಶಾಲೆ, ಹಣ

ಹೋಟೆಲಿನಲ್ಲಿ ದುಡಿದು ಮಗನನ್ನು ಓದಿಸುತ್ತಿದ್ದೇನೆ. ಆಟದಿಂದ ಹೊಟ್ಟೆ ತುಂಬುತ್ತದೆಯೇ, ನೇರವಾಗಿ ಹೇಳಿ.

ನೇರವಾಗಿ ಹೇಳುತ್ತೇನೆ. ಆಟದ ಹಣದಿಂದಲೇ ಬದುಕುವವರು ಬಹಳ ಕಡಿಮೆ. ಕ್ರಿಕೆಟ್ ಬಿಟ್ಟರೆ ಇನ್ನೂ ಕಡಿಮೆ. ಮಗನ ಆಟವನ್ನು ಹೂಡಿಕೆಯೆಂದು ನೋಡುತ್ತಿದ್ದರೆ ಇಂದೇ ಆ ಎಣಿಕೆ ಬಿಡಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಇಡ್ಲಿ ಹಿಟ್ಟು ನೋಡುವ ಅಪ್ಪನ ಸಾಲದ ಭಾರ ಹೊತ್ತು ಯಾವ ಮಗುವೂ ಹಗುರಾಗಿ ಓಡಲಾರದು.

ಆದರೆ ಆಟದ ಮೂಲಕ ಕೆಲಸ ಸಿಗುವ ದಾರಿಗಳು ನಿಜವಾಗಿ ಇವೆ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳು ಆಟಗಾರರನ್ನು ನೇಮಿಸಿಕೊಳ್ಳುತ್ತವೆ. ಮಹಾರಾಷ್ಟ್ರ ಸರ್ಕಾರದ ಉದ್ಯೋಗಗಳಲ್ಲಿ ಕ್ರೀಡಾಪಟುಗಳಿಗೆ ಶೇ 5 ಮೀಸಲಾತಿ ಇದೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದವರಿಗೆ ತರಬೇತಿಯ ಜೊತೆಗೆ ತಿಂಗಳಿಗೆ 10,000 ರೂಪಾಯಿ ಭತ್ಯೆಯ ಏರ್ಪಾಡು ಇದೆ. ಪುಣೆಯ ಸೇನಾ ಕ್ರೀಡಾ ಸಂಸ್ಥೆಯ ಬಾಯ್ಸ್ ಸ್ಪೋರ್ಟ್ಸ್ ಕಂಪನಿ ಬಾಲಕರನ್ನು ಚಿಕ್ಕ ವಯಸ್ಸಿನಲ್ಲೇ ಆರಿಸಿ ವಸತಿ, ಊಟ, ಶಾಲೆ ಕೊಟ್ಟು ಬೆಳೆಸುತ್ತದೆ. ಇವೆಲ್ಲಕ್ಕೂ ಪ್ರಮಾಣಪತ್ರ ಮುಖ್ಯ, ಯಾವ ಸ್ಪರ್ಧೆಯ ಪ್ರಮಾಣಪತ್ರ ಎಂಬುದು ಇನ್ನೂ ಮುಖ್ಯ. ಗಲ್ಲಿಗೊಂದು "ರಾಷ್ಟ್ರೀಯ", "ಅಂತಾರಾಷ್ಟ್ರೀಯ" ಕೂಟ ನಡೆಸಿ ಹಣ ಕೀಳುವವರಿದ್ದಾರೆ. ಪ್ರವೇಶ ಶುಲ್ಕ ಕಟ್ಟುವ ಮೊದಲು ಜಿಲ್ಲಾ ಕ್ರೀಡಾಧಿಕಾರಿಗಳ ಕಚೇರಿಗೆ ಹೋಗಿ, ಈ ಪತ್ರ ಮೀಸಲಾತಿಗೆ ನಡೆಯುತ್ತದೆಯೇ ಎಂದು ಕೇಳಿ.

ಹತ್ತನೇ ತರಗತಿ ಬಂತು. ಒಂದು ವರ್ಷ ಆಟ ಪೂರ್ತಿ ನಿಲ್ಲಿಸಲೇ?

ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ ಸಾಕು. ದೇಹದ ಸ್ಥಿತಿ ಉಳಿಯುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಆ ವರ್ಷ ದೊಡ್ಡ ಗುರಿಗಳು ಬೇಡ. ಮಾನ್ಯತೆ ಪಡೆದ ಸ್ಪರ್ಧೆಗಳಲ್ಲಿ ಆಡಿದವರಿಗೆ ಬೋರ್ಡಿನ ರಿಯಾಯಿತಿ ಅಂಕಗಳಿವೆ. ಅರ್ಜಿಯನ್ನು ಶಾಲೆಯ ಮೂಲಕ, ಅವಧಿಯೊಳಗೆ ಕೊಡಬೇಕು.

ಗಂಟೆ ಹೆಚ್ಚಿಸಿದರೆ ಬೇಗ ಮುಂದೆ ಬರುವುದಿಲ್ಲವೇ? ಎರಡು ಅಕಾಡೆಮಿಗಳಿಗೆ ಕಳುಹಿಸುತ್ತಿದ್ದೇವೆ.

ಕಷ್ಟಪಡುವುದೆಂದರೆ ಗಂಟೆ ಹೆಚ್ಚಿಸುವುದು ಎಂಬ ತಿಳಿವಳಿಕೆ ಮಕ್ಕಳನ್ನು ಗಾಯಗೊಳಿಸುತ್ತಿದೆ. ಕ್ರೀಡಾ ವೈದ್ಯರು ಹೇಳುವ ಸರಳ ಅಳತೆಯೊಂದಿದೆ: ವಾರದಲ್ಲಿ ಸಂಘಟಿತ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದು. ಹನ್ನೊಂದು ವರ್ಷದವನಿಗೆ ವಾರಕ್ಕೆ ಹನ್ನೊಂದು ಗಂಟೆ. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ.

ಬೆಳೆಯುವ ಮೂಳೆಗಳ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರವಿರುತ್ತದೆ. ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಿದಾಗ ಮೊದಲು ನೋಯುವುದು ಅದರ ಸುತ್ತಲಿನ ಜಾಗ: ಮಂಡಿಚಿಪ್ಪಿನ ಕೆಳಗೆ, ಹಿಮ್ಮಡಿ, ಬೌಲಿಂಗ್ ಮಾಡುವವರ ಬೆನ್ನು, ಎಸೆಯುವವರ ಮೊಣಕೈ. ಮಗು ಕುಂಟುತ್ತಿದ್ದರೆ ಅಭ್ಯಾಸ ನಿಲ್ಲಿಸಿ. ನೋವಿನ ಮೇಲೆ ಓಡುವುದನ್ನು ಧೈರ್ಯವೆಂದು ಹೊಗಳಬೇಡಿ. ಎರಡು ಅಕಾಡೆಮಿಗಳಿದ್ದರೆ ಒಬ್ಬ ತರಬೇತುದಾರರಿಗೆ ಇನ್ನೊಬ್ಬರು ಏನು ಮಾಡಿಸಿದರೆಂಬುದು ತಿಳಿದಿರುವುದಿಲ್ಲ. ಒಂದನ್ನು ಬಿಡಿ. ಜಾಗ ಸಿಕ್ಕಲ್ಲಿ ಲಗೋರಿ, ಕಬಡ್ಡಿ, ಈಜು ಏನಾದರೂ ಆಡಲಿ.

ನಾವು ಕನ್ನಡದವರು, ಇಲ್ಲಿ ಹೊರಗಿನವರು. ಅದಕ್ಕೇ ನಮ್ಮ ಮಕ್ಕಳನ್ನು ಆಯ್ಕೆ ಮಾಡುವುದಿಲ್ಲ, ಅಲ್ಲವೇ?

ಈ ಮಾತನ್ನು ಮಗುವಿನ ಎದುರು ಆಡಬೇಡಿ ಎಂದು ಮೊದಲು ಕೈಮುಗಿದು ಕೇಳುತ್ತೇನೆ. ಒಮ್ಮೆ ಇದನ್ನು ಕೇಳಿದ ಮಗುವಿಗೆ ಪ್ರತಿ ಸೋಲಿಗೂ ಕಾರಣ ಸಿದ್ಧವಾಗಿರುತ್ತದೆ, ಆಮೇಲೆ ಕಲಿಯಲು ಏನೂ ಉಳಿಯುವುದಿಲ್ಲ.

ಪಕ್ಷಪಾತ ಎಲ್ಲೂ ಇಲ್ಲ ಎಂದು ನಾನು ಹೇಳುವುದಿಲ್ಲ. ಆಯ್ಕೆಗಾರರ ಅಭಿಪ್ರಾಯದ ಮೇಲೆ ನಡೆಯುವ ಆಟಗಳಲ್ಲಿ ಪರಿಚಯ, ಕ್ಲಬ್ಬು, ಮುಖನೋಟ ಎಲ್ಲವೂ ಕೆಲಸ ಮಾಡುತ್ತವೆ. ಮರಾಠಿ ಮನೆಗಳ ಮಕ್ಕಳೂ ಅದರಿಂದ ಪೆಟ್ಟು ತಿನ್ನುತ್ತಾರೆ. ಅನ್ಯಾಯವಾಗಿದೆ ಎಂದು ಖಚಿತವಿದ್ದರೆ ಟ್ರಯಲ್ಸ್‌ನ ಅಂಕಪಟ್ಟಿ ಕೇಳಿ, ಸಂಘಕ್ಕೆ ಲಿಖಿತ ದೂರು ಕೊಡಿ, ದೊಡ್ಡವರ ನಡುವೆ ಮುಗಿಸಿ. ಮಗುವಿಗೆ ಮರಾಠಿ ಚೆನ್ನಾಗಿ ಕಲಿಸಿ. ಗೋವಾದಲ್ಲಾದರೆ ಕೊಂಕಣಿ. ತರಬೇತುದಾರರ ಸೂಚನೆ ಅರ್ಧ ಅರ್ಥವಾಗುವ ಮಗು ಅರ್ಧವೇ ಕಲಿಯುತ್ತದೆ. ವಾಸ್ಕೋದಿಂದ ಬರೆದ ಒಬ್ಬ ತಾಯಿ ಮಗನ ಫುಟ್‌ಬಾಲಿಗಾಗಿ ತಾವೂ ಕೊಂಕಣಿ ಕಲಿತರಂತೆ. ಈಗ ಇತರ ತಾಯಂದಿರ ಜೊತೆ ಮೈದಾನದ ಅಂಚಿನಲ್ಲಿ ನಿಂತು ಕೂಗುತ್ತಾರೆ. ಅವರ ಪತ್ರ ಓದಿ ನನಗೆ ತುಂಬ ಸಂತೋಷವಾಯಿತು.

## ಮುಂದಿನ ಹಂತದಲ್ಲಿರುವವರಿಗೆ

ಎಲ್ಲರೂ ವಯಸ್ಸು ಕಡಿಮೆ ತೋರಿಸುತ್ತಾರೆ. ನಾವು ಮಾತ್ರ ನಿಜ ಹೇಳಿ ಸೋಲಬೇಕೇ?

ಹೌದು, ನಿಜವನ್ನೇ ಹೇಳಿ. ಹದಿನಾರರವನನ್ನು ಹದಿನಾಲ್ಕರಲ್ಲಿ ಆಡಿಸಿದರೆ ಅವನು ತನಗಿಂತ ದುರ್ಬಲರನ್ನು ಸೋಲಿಸುವುದನ್ನಷ್ಟೇ ಕಲಿಯುತ್ತಾನೆ. ಹಿರಿಯರ ವಿಭಾಗದಲ್ಲಿ ಆ ಎರಡು ವರ್ಷ ಕೈಕೊಡುತ್ತವೆ. ಕ್ರಿಕೆಟ್ ಮಂಡಳಿ ಮಣಿಕಟ್ಟಿನ ಎಕ್ಸ್‌ರೇಯಿಂದ ಮೂಳೆಯ ವಯಸ್ಸು ನೋಡುತ್ತದೆ. ಸಿಕ್ಕಿಬಿದ್ದವರಿಗೆ ನಿಷೇಧವಿದೆ. ಅದಕ್ಕಿಂತ ಭಾರವಾದದ್ದು ಇನ್ನೊಂದಿದೆ: ಆ ಸುಳ್ಳನ್ನು ಪ್ರತಿ ಅರ್ಜಿಯಲ್ಲೂ ಬರೆಯಬೇಕಾದವನು ನಿಮ್ಮ ಮಗ.

ಜಿಮ್ಮಿನಲ್ಲಿ ಒಬ್ಬರು ಪುಡಿ ಕೊಟ್ಟರು, "ಶಕ್ತಿ ಬರುತ್ತದೆ" ಎಂದರು. ತೆಗೆದುಕೊಳ್ಳಬಹುದೇ?

ಬೇಡ. ಉದ್ದೀಪನ ಮದ್ದಿನ ನಿಯಮದಲ್ಲಿ ದೇಹದಲ್ಲಿ ಏನು ಸಿಕ್ಕಿತು ಎಂಬುದಕ್ಕೆ ಆಟಗಾರರೇ ಹೊಣೆ. "ಗೊತ್ತಿರಲಿಲ್ಲ", "ಕೋಚ್ ಕೊಟ್ಟರು" ಎಂದ ಮಾತ್ರಕ್ಕೆ ಆರೋಪ ಹೋಗುವುದಿಲ್ಲ, ಕಿರಿಯರಿಗೂ ಪರೀಕ್ಷೆ ಉಂಟು. ಲೇಬಲ್ಲಿನಲ್ಲಿ ಬರೆಯದ ವಸ್ತುಗಳು ಇಂತಹ ಪುಡಿಗಳಲ್ಲಿ ಬೆರೆತಿರಬಹುದು. ನೆಗಡಿ, ಅಸ್ತಮಾ ಔಷಧಗಳಲ್ಲೂ ನಿಷೇಧಿತ ಅಂಶಗಳು ಇರುವುದುಂಟು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿ ನೋಡಿ. ಆಟಗಾರ್ತಿ ಎಂಬುದನ್ನು ಪ್ರತಿ ವೈದ್ಯರಿಗೂ ಮೊದಲೇ ತಿಳಿಸಿ.

ಅಭ್ಯಾಸದಲ್ಲಿ ಚೆನ್ನಾಗಿ ಆಡುತ್ತೇನೆ. ಪಂದ್ಯದಲ್ಲಿ ಒಂದು ತಪ್ಪಾದರೆ ಎಲ್ಲವೂ ಕುಸಿಯುತ್ತದೆ. ಏನು ಮಾಡಲಿ?

ತಪ್ಪೇ ಆಗಬಾರದು ಎಂದುಕೊಂಡು ಇಳಿಯುತ್ತಿದ್ದೀಯ, ಅಲ್ಲಿಯೇ ತೊಡಕು. ಟೆನಿಸ್ ಆಟಗಾರ ರೋಜರ್ ಫೆಡರರ್ 2024ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಎದುರು ತಮ್ಮದೇ ಲೆಕ್ಕ ಹೇಳಿದರು: 1,526 ಸಿಂಗಲ್ಸ್ ಪಂದ್ಯಗಳಲ್ಲಿ ಹತ್ತಿರ ಹತ್ತಿರ ಶೇ 80 ಗೆದ್ದಿದ್ದಾರೆ, ಆದರೆ ಗೆದ್ದ ಪಾಯಿಂಟುಗಳು ಶೇ 54 ಮಾತ್ರ. ಅಂದರೆ ಅಷ್ಟು ದೊಡ್ಡ ಆಟಗಾರ ಹೆಚ್ಚುಕಡಿಮೆ ಎರಡರಲ್ಲಿ ಒಂದು ಪಾಯಿಂಟ್ ಕಳೆದುಕೊಳ್ಳುತ್ತಲೇ ಆಡಿದರು. ಕಳೆದುಕೊಂಡ ಮೇಲಿನ ಪಾಯಿಂಟನ್ನು ಹೇಗೆ ಆಡಬೇಕೆಂಬುದನ್ನು ನೀನು ಅಭ್ಯಾಸದಲ್ಲೇ ಕಲಿಯಬೇಕು.

ಅದಕ್ಕೊಂದು ಕ್ರಮ ಮಾಡಿಕೋ. ತಪ್ಪಾದ ಕೂಡಲೇ ಎದುರಾಳಿಗೆ ಬೆನ್ನು ಮಾಡಿ ನಿಲ್ಲು, ರ್‍ಯಾಕೆಟಿನ ತಂತಿ ಸರಿಮಾಡು, ಉಸಿರನ್ನು ನಿಧಾನವಾಗಿ ಹೊರಬಿಡು, ಮುಂದಿನ ಸರ್ವ್ ಎಲ್ಲಿಗೆ ಎಂದು ಮನಸ್ಸಿನಲ್ಲಿ ಹೇಳಿಕೋ. ಪ್ರತಿ ಸಲ ಅದೇ ಕ್ರಮ. ಬ್ಯಾಡ್ಮಿಂಟನ್ ಆದರೆ ಅಭ್ಯಾಸದಲ್ಲಿ 15–19ರಿಂದ, ಅಂದರೆ ನಾಲ್ಕು ಪಾಯಿಂಟ್ ಹಿಂದಿನಿಂದ, ಶುರುವಾಗುವ ಗೇಮುಗಳನ್ನು ಆಡು, ಹಿಂದಿದ್ದು ಆಡುವುದು ರೂಢಿಯಾಗುತ್ತದೆ. ಪಂದ್ಯದ ಮುಂಚೆ ಕೈ ತಣ್ಣಗಾಗುವುದು, ಹೊಟ್ಟೆ ತೊಳಸುವುದು ಕಾಯಿಲೆಯಲ್ಲ. ನಿದ್ದೆ ಕೆಡುವಷ್ಟು, ಊಟ ಬಿಡುವಷ್ಟು, ಶಾಲೆಗೆ ಹೋಗಲಾಗದಷ್ಟು ಅದು ಬೆಳೆದರೆ ಮಾತ್ರ ಮನೆಯವರಿಗೆ ಹೇಳು, ಆಪ್ತಸಮಾಲೋಚಕರನ್ನು ಕಾಣಬೇಕು.

ನಿಲ್ಲಿಸುವ ಹೊತ್ತು ಬಂತೆಂದು ಹೇಗೆ ತಿಳಿಯುವುದು?

ಅತ್ಯಂತ ಕಡಿಮೆ ಧ್ವನಿಯಲ್ಲಿ ಕೇಳುವ ಪ್ರಶ್ನೆ ಇದು. ಹೆಚ್ಚಾಗಿ ಹದಿನೇಳು ಹದಿನೆಂಟರ ಹುಡುಗರು ಎಲ್ಲರೂ ಹೋದ ಮೇಲೆ ಓಟದ ಸ್ಪೈಕ್ಸ್ ಬೂಟು ಕೈಯಲ್ಲಿ ಹಿಡಿದು ಕೇಳುತ್ತಾರೆ.

ಒಂದು ಸೋಲಿನ ವಾರದಲ್ಲಿ, ಗಾಯದ ನಡುವೆ, ಪರೀಕ್ಷೆಯ ಒತ್ತಡದಲ್ಲಿ ತೀರ್ಮಾನ ಬೇಡ. ಒಂದು ಋತು ಮುಗಿಯಲಿ. ಆಮೇಲೆ ಕೆಲವು ಸಂಗತಿಗಳನ್ನು ನೋಡಬೇಕು. ಗಾಯವಿಲ್ಲದೆ, ಒಳ್ಳೆಯ ತರಬೇತಿಯಲ್ಲಿ, ಎರಡು ಮೂರು ವರ್ಷ ಸಮಯ ಕದಲಿಲ್ಲವೇ? ಬೆಳಿಗ್ಗೆ ಎದ್ದಾಗ ಮೈದಾನ ಬೇಕೆನಿಸುತ್ತದೆಯೇ ಅಥವಾ ಅಪ್ಪ ಅಮ್ಮ ಇಷ್ಟು ಖರ್ಚು ಮಾಡಿದ್ದಾರೆ ಎಂಬ ಸಂಕೋಚಕ್ಕೆ ಬರುತ್ತಿದ್ದಾನೆಯೇ? ಗೆಲ್ಲುವ ಸಾಧ್ಯತೆಯಿಲ್ಲದಿದ್ದರೂ ಓಡುವುದರಲ್ಲಿ ಖುಷಿ ಉಳಿದಿದ್ದರೆ ಸ್ಪರ್ಧೆಯನ್ನಷ್ಟೇ ಬಿಡಬಹುದು, ಓಟವನ್ನಲ್ಲ. ಈ ನಗರದಲ್ಲಿ ನಸುಕಿನಲ್ಲಿ ಓಡುವವರಲ್ಲಿ ಹಳೆಯ ಶಾಲಾ ಓಟಗಾರರು ಎಷ್ಟೋ ಜನ.

ಮಗು ನಿಲ್ಲಿಸುತ್ತೇನೆ ಎಂದರೆ "ಇಷ್ಟು ವರ್ಷ ವ್ಯರ್ಥವಾಯಿತು" ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು, ಅಜ್ಜ ಅಜ್ಜಿಯರಿಗೂ ಮೊದಲೇ ಹೇಳಿಡಿ. ನಿರ್ಧಾರವನ್ನು ತರಬೇತುದಾರರಿಗೆ ಅವನೇ ಬಂದು ತಿಳಿಸಲಿ, ವಾಟ್ಸ್‌ಆ್ಯಪ್ ಸಂದೇಶದಲ್ಲಿ ಮುಗಿಸಬೇಡಿ. ಮೊದಲ ಕೆಲವು ತಿಂಗಳು ಅವನಿಗೆ ಖಾಲಿ ಅನಿಸುತ್ತದೆ, ಗೆಳೆಯರೆಲ್ಲ ಇನ್ನೂ ಮೈದಾನದಲ್ಲಿರುತ್ತಾರೆ. ನಾನು ಅಂಥವರನ್ನು ಭಾನುವಾರ ಬರಲು ಹೇಳುತ್ತೇನೆ. ಚಿಕ್ಕವರ ಸಮಯ ಹಿಡಿಯಬಹುದು, ಹರ್ಡಲ್ಸ್ ಜೋಡಿಸಬಹುದು. ಕೆಲವರು ಮುಂದೆ ಕೂಟಗಳಲ್ಲಿ ಅಧಿಕಾರಿಗಳಾಗುತ್ತಾರೆ, ಅದಕ್ಕೆ ಅಥ್ಲೆಟಿಕ್ಸ್ ಸಂಘಗಳು ಪರೀಕ್ಷೆ ನಡೆಸುತ್ತವೆ. ಕೆಲವರು ಎರಡು ಭಾನುವಾರ ಬಂದು ಮತ್ತೆ ಬರುವುದಿಲ್ಲ. ಅವರಿಗೆ ಫೋನ್ ಮಾಡಿ ಓದು ಹೇಗಿದೆ ಎಂದು ಕೇಳುತ್ತೇನೆ, ಓಟದ ವಿಷಯ ಎತ್ತುವುದಿಲ್ಲ.